ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆಯಾದರೂ

ಮೊನ್ನೆ ಸುಗಟೂರಿನ ಕಡೆಯಿಂದ ಕೋಲಾರಕ್ಕೆ ಬರುವ ಬಸ್ಸಿನಲ್ಲಿ ಯಾರೋ ರೇಷ್ಮೆಗೂಡಿನ ಮೂಟೆಯೊಂದನ್ನು ಹಿಂಬಾಗಿಲಿನಿಂದ ಒಳಕ್ಕೆ ತಳ್ಳಿದರು. ಅದು ಜಾರುತ್ತಾ ಬಂದು ನನ್ನ ಕಾಲ ಮೇಲೆಯೇ ಕೂತಿತು. ಮೂಟೆಯ ಯಜಮಾನ ಇನ್ನೂ ಬಾಗಿಲಲ್ಲೇ ನಿಂತು, ಗೂಡಿಗೆ ಲಗೇಜು ಹಾಕಬೇಕೋ ಬೇಡವೋ ಎಂದು ಕಂಡಕ್ಟರ್ ಜೊತೆ ವಾದಕ್ಕಿಳಿದಿದ್ದ. ನಡುವೆ ಜನ ಒತ್ತಿಕೊಂಡು ನಿಂತಿದ್ದರಿಂದ ಅವನ ಮುಖ ಕಾಣಲಿಲ್ಲ, ಮಾತೂ ಎಂಜಿನ್ ಸದ್ದಿನಲ್ಲಿ ಕಲಸಿಹೋಗಿತ್ತು. ಆದರೆ ವಾಸನೆಗೆ ಯಾವ ಅಡ್ಡಿಯೂ ಇರಲಿಲ್ಲ. ರೇಷ್ಮೆಗೂಡಿನ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ, ಗೊತ್ತಿದ್ದವರಿಗೆ ಹೇಳಬೇಕಾಗಿಯೇ ಇಲ್ಲ. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಮೂಗು ಅರಳಿಸಿಕೊಂಡು ಕೂತೆ. ಸಮೀಕ್ಷೆಯ ಆ ಇಡೀ ವರ್ಷ ನನಗೆ ಆ ಮೂಟೆಯೊಳಗಿಂದ ಎದ್ದು ಬಂತು.

ಅದಕ್ಕೂ ಮುಂಚೆ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು, ಕೋಲಾರದ ಒಂದು ಗಲ್ಲಿಯ ಮಹಡಿಯ ಮೇಲೆ. ಕಲಿಯುವವರು ಒಬ್ಬೊಬ್ಬರಾಗಿ ಕಡಿಮೆಯಾಗಿ, ಕೊನೆಗೆ ನಾನೂ ಯಂತ್ರಗಳೂ ಮುಖಾಮುಖಿ ಕೂರುವ ಹಾಗಾಯಿತು. ಯಂತ್ರಗಳನ್ನು ಹೆದ್ದಾರಿಯ ಹೋಟೆಲಿನವರು ಅಲಂಕಾರಕ್ಕೆಂದು ಕೊಂಡರು. ನನ್ನನ್ನು ಅಲಂಕಾರಕ್ಕೂ ಯಾರೂ ಕೇಳಲಿಲ್ಲ. ಮನೆ ನಡೆಯುತ್ತಿದ್ದದ್ದು ನನ್ನ ಹೆಂಡತಿ ಸುಜಾತಳ ರವಿಕೆ ಹೊಲಿಗೆಯಿಂದ. ಹೀಗಿರುವಾಗ ಒಂದು ವರ್ಷದ ಗುತ್ತಿಗೆಗೆ ಸಮೀಕ್ಷೆಯ ಕೆಲಸ ಸಿಕ್ಕಿತು. ದೇಶದ ಯಾವ ಭಾಗದಲ್ಲಿ ಎಷ್ಟು ಮಂದಿಗೆ ಕೆಲಸವಿದೆ, ಅದು ಕಾಲದಿಂದ ಕಾಲಕ್ಕೆ ಏರುತ್ತದೋ ಇಳಿಯುತ್ತದೋ ಎಂದು ಅಳೆಯುವ ಕೆಲಸ. ಹೆಂಗಸರ ಲೆಕ್ಕವೂ ಅದರಲ್ಲಿತ್ತು, ಆದರೆ ನನ್ನ ಪ್ರಾಣ ತಿಂದದ್ದು ಗಂಡಸರ ಲೆಕ್ಕ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ಊರು ನನ್ನ ಪಾಲಿಗೆ ಬಂದಿತ್ತು. ಆಯ್ದ ಮನೆಗಳಿಗೆ ಮೂರು ತಿಂಗಳಿಗೊಮ್ಮೆ ಹೋಗಿ ಅದೇ ಪ್ರಶ್ನೆ ಕೇಳಿ ಟ್ಯಾಬ್‌ನಲ್ಲಿ ತುಂಬಬೇಕು. ತರಬೇತಿಯಲ್ಲಿ ನಮಗೆ ಮುಖ್ಯವಾಗಿ ಎರಡು ನಿಯಮ ಬಾಯಿಪಾಠ ಮಾಡಿಸಿದ್ದರು. ಒಂದು, ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆಯಾದರೂ ಕೆಲಸ ಮಾಡಿದವನು ಉದ್ಯೋಗಿ. ಸಂಬಳಕ್ಕೇ ಆಗಬೇಕೆಂದಿಲ್ಲ, ಸ್ವಂತ ಹೊಲ, ಸ್ವಂತ ಕಸುಬು, ಮನೆಯವರ ಅಂಗಡಿ ಎಲ್ಲವೂ ಆಗುತ್ತದೆ. ಎರಡು, ಒಂದು ಮನೆಯವರು ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಬಾರದು. ಈ ಎರಡನೆಯ ನಿಯಮವನ್ನು ಇವತ್ತಿಗೂ ಪಾಲಿಸುತ್ತೇನೆ. ಆದ್ದರಿಂದ ಇಲ್ಲಿ ಬರುವ ಹೆಸರುಗಳೆಲ್ಲ ನಾನಿಟ್ಟವು. ಶ್ರೀನಿವಾಸಪುರದ ಕಡೆಯ ಊರಿನ ಹೆಸರನ್ನಂತೂ ಹೇಳುವುದೇ ಇಲ್ಲ. ಸುಗಟೂರಿನ ಹುಡುಗನಿಗೆ ನಾರಾಯಣಸ್ವಾಮಿ ಎಂದು ಹೆಸರಿಟ್ಟಿದ್ದೇನೆ. ನಮ್ಮ ಕಡೆಯ ಬಸ್ಸಿನಲ್ಲಿ ಆ ಹೆಸರು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ, ಯಾರನ್ನೂ ಹಿಡಿಯಲು ಆಗುವುದಿಲ್ಲ.

ಮೊದಲ ಸುತ್ತು ಸಂಕ್ರಾಂತಿ ಮುಗಿದ ಮೇಲೆ. ಅವರೆಕಾಯಿಯ ಕಾಲ. ಬೆಳಗಿನ ಹೊತ್ತು ಮಂಜು ಇಳಿದು, ಟೊಮ್ಯಾಟೊ ತೋಟದ ಕಡ್ಡಿಗಳು ಮಾತ್ರ ಕಾಣುತ್ತಿದ್ದವು. ಹೆಗಲಿಗೆ ಚೀಲ, ಕಂಕುಳಲ್ಲಿ ಕೊಡೆ, ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ನಾನು ಸುಗಟೂರಿನ ಲಕ್ಷ್ಮಮ್ಮನವರ ಬಾಗಿಲು ತಟ್ಟಿದೆ.

“ಮನೇಲಿ ಗಂಡಸರು ಎಷ್ಟು ಜನಮ್ಮ?”

“ನಮ್ ಯಜಮಾನ್ರು ಹೋಗ್ಬಿಟ್ರು ಸಾರ್. ಮಗ ಒಬ್ನೇ ಇರೋದು.”

“ವಯಸ್ಸು?”

“ಮೂವತ್ತು” ಎಂದರು. ಒಂದು ಕ್ಷಣ ಯೋಚಿಸಿ, “ಇನ್ನೂ ತುಂಬಿಲ್ಲ” ಎಂದು ಸೇರಿಸಿದರು.

“ಮದುವೆ ಆಗಿದ್ಯಾ?”

ಈ ಪ್ರಶ್ನೆ ಕೇಳಿದ್ದೇ ತಡ, ಅವರ ಮುಖದ ಕಳೆಯೇ ಬದಲಾಯಿತು. “ಅಯ್ಯೋ, ನಿಂತ್ಕೊಂಡೇ ಇದೀರಲ್ಲ ಸಾರ್, ಬನ್ನಿ ಒಳಕ್ಕೆ” ಎಂದು ಕುರ್ಚಿ ಒರೆಸಿ ಹಾಕಿದರು. ಕಾಫಿ ಬಂತು, ಅದರ ಹಿಂದೆಯೇ ಹಿತಕವರೆಯ ಉಪ್ಪಿಟ್ಟು ಬಂತು. ನಾನು ಓದು ಎಲ್ಲಿಯವರೆಗೆ, ಜಮೀನು ಎಷ್ಟು, ದಿನಾ ಏನು ಕೆಲಸ ಎಂದು ಒಂದೊಂದಾಗಿ ಕೇಳುತ್ತಾ ಹೋದೆ. ಲಕ್ಷ್ಮಮ್ಮ ಉತ್ಸಾಹದಿಂದ ಉತ್ತರಿಸುತ್ತಾ ಹೋದರು. ಮಗ ಕಂಪನಿಯಲ್ಲಿ ಸೂಪರ್‌ವೈಸರ್ ಅಂತೆ. ಕುಡಿತ, ಬೀಡಿ, ಇಸ್ಪೀಟು ಯಾವುದೂ ಇಲ್ಲವಂತೆ. ಇದನ್ನು ನಾನು ಕೇಳಿರಲೇ ಇಲ್ಲ. ಅಷ್ಟರಲ್ಲಿ ಮಗ ಒಳಗಿನಿಂದ ಬಂದ. ಹೊಸ ಪ್ಯಾಂಟು, ಹೊಸ ಶರ್ಟು, ತಲೆಯ ಮೇಲೆ ಮಾತ್ರ ಒಂದು ಹಿಪ್ಪುನೇರಳೆ ಎಲೆ. ಕೇಳಿದ್ದಕ್ಕೆಲ್ಲ ಅವನು ನೆಲ ನೋಡಿದ, ತಾಯಿ ಉತ್ತರ ಕೊಟ್ಟರು. ಹೊರಡುವಾಗ ಅರಿಶಿನ ಹಚ್ಚಿದ ಒಂದು ಕವರನ್ನು ನನ್ನ ಕೈಗಿಟ್ಟು, “ಇದೊಂದ್ ಇಟ್ಕೊಳ್ಳಿ ಸಾರ್, ಎಲ್ಲಾ ಇದ್ರಲ್ಲೇ ಐತೆ” ಎಂದರು. ಗುರುತಿನ ದಾಖಲೆಯ ನಕಲು ಇರಬೇಕು ಎಂದುಕೊಂಡು ಚೀಲಕ್ಕೆ ಹಾಕಿದೆ. ಜನ ಎಷ್ಟು ತಿಳಿವಳಿಕಸ್ಥರಾಗಿದ್ದಾರೆ ಎಂದು ಸಂತೋಷವೂ ಆಯಿತು.

ಆ ಸುತ್ತಿನಲ್ಲಿ ನಾನು ಹೋದಲ್ಲೆಲ್ಲ ಗಂಡಸರಿಗೆ ಕೈತುಂಬ ಕೆಲಸ. ಮಾಲೂರು ತಾಲ್ಲೂಕಿನ ಲಕ್ಕೂರಿನಲ್ಲಿ ಹುಡುಗರೆಲ್ಲ ಕತ್ತಿಗೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡೇ ಎದುರು ಬಂದರು. ಮೂರನೆಯ ಮನೆಗೆ ಬರುವ ಹೊತ್ತಿಗೆ ನನಗೆ ಆ ಚೀಟಿಯ ಮೇಲಿನ ಭಾವಚಿತ್ರದ ಪರಿಚಯವಾಗಿತ್ತು. ಮೂರೂ ಮನೆಯಲ್ಲಿ ಅದು ಮೊದಲ ಮನೆಯ ಹುಡುಗನದೇ. ಮುಳಬಾಗಿಲಿನ ಕಡೆ ದೇವರಾಯಸಮುದ್ರದ ಕೆರೆ ಏರಿಯ ಮೇಲೆ ಕಾಲು ಚಾಚಿ ಕೂತಿದ್ದ ಒಬ್ಬ ತನ್ನದು ಬಿಸಿನೆಸ್ ಎಂದ.

“ಏನು ಬಿಸಿನೆಸ್ಸಪ್ಪ?”

“ಎಲ್ಲಾ ತರದ್ದೂ ಸಾರ್. ನೀವ್ ಯಾವ್ದು ಬರ್ಕೊಂಡ್ರೂ ಸರೀನೇ.”

ಬೆಂಗಳೂರಿನಿಂದ ನಮ್ಮ ಮೇಲ್ವಿಚಾರಕಿ ಫೋನ್ ಮಾಡಿದರು. ವಯಸ್ಸಿನಲ್ಲಿ ನನ್ನ ಮಗಳಂತಿರಬೇಕು, ದನಿಯಲ್ಲಿ ನನ್ನ ಹೆಡ್‌ಮಾಸ್ಟರ್. “ಸಾರ್, ನಿಮ್ಮ ನಾಲ್ಕು ತಾಲ್ಲೂಕಲ್ಲಿ ಕೆಲಸ ಇಲ್ಲದ ಗಂಡಸು ಒಬ್ನೂ ಇಲ್ವಾ?” ಎಂದು ಕೇಳಿದರು. “ಶ್ರಮಜೀವಿಗಳು ಮೇಡಂ” ಎಂದೆ. ನಮ್ಮ ಜಿಲ್ಲೆಯ ಬಗ್ಗೆ ಅಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ.

ಆ ಹೆಮ್ಮೆಗೆ ಕೊಡಲಿ ಹಾಕಿದವಳು ಸುಜಾತ. ಚೀಲ ಒಗೆಯಲೆಂದು ಅದನ್ನು ಕೊಡವಿದಳು. ಲಕ್ಷ್ಮಮ್ಮನವರ ಕವರಿನ ಜೊತೆ ಅಂಥವೇ ಇನ್ನಷ್ಟು ಕವರುಗಳು ನೆಲಕ್ಕೆ ಬಿದ್ದವು.

“ಏನ್ರೀ ಇದು, ಚೀಲದ ತುಂಬಾ ಜಾತಕ?”

ತೆಗೆದು ನೋಡಿದರೆ ನಿಜವಾಗಿಯೂ ಜಾತಕಗಳೇ. ಪ್ರತಿಯೊಂದಕ್ಕೂ ಒಂದು ಫೋಟೊ. ಅವಳು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಕೊಡೆ ಚೀಲ ಕೊಟ್ಟು, ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಹೊಲಿಗೆ ಯಂತ್ರಕ್ಕೆ ಒರಗಿಕೊಂಡು ನಕ್ಕಳು. “ಗಂಡುಮಕ್ಕಳೆಷ್ಟು, ವಯಸ್ಸೆಷ್ಟು, ಮದುವೆ ಆಗಿದ್ಯಾ, ಜಮೀನೆಷ್ಟು, ಕೆಲಸ ಏನು! ಹೀಗೆ ಕೇಳ್ಕೊಂಡು ಬರೋನು ಮದುವೆ ಬ್ರೋಕರ್ ಅಲ್ದೆ ಇನ್ಯಾರು? ನಾನಾಗಿದ್ರೂ ಉಪ್ಪಿಟ್ಟು ಕೊಡ್ತಿದ್ದೆ” ಎಂದಳು. ನನಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ಗೊತ್ತಾಗದೆ ಅವತ್ತು ಊಟ ಬೇಡವೆಂದೆ. ಸ್ವಲ್ಪ ಹೊತ್ತಾದ ಮೇಲೆ ಹೋಗಿ ಉಂಡೆ.

ಎರಡನೆಯ ಸುತ್ತಿಗೆ ಹೊರಟಾಗ ಬೇಸಿಗೆ. ಕೊಡೆಯನ್ನು ಮನೆಯಲ್ಲೇ ಬಿಟ್ಟು ಬಿಸಿಲಿನಲ್ಲಿ ಬೆಂದೆ. ಕತ್ತಿಗೆ ನನ್ನದೇ ಗುರುತಿನ ಚೀಟಿ ಹಾಕಿಕೊಂಡು, ಪ್ರತಿ ಬಾಗಿಲಲ್ಲೂ ಗಟ್ಟಿಯಾಗಿ, “ನಾನು ಮದುವೆ ಮಾಡಿಸುವವನಲ್ಲ, ಸರ್ಕಾರದ ಸಮೀಕ್ಷೆಯವನು, ಯಾರಿಗೆ ಕೆಲಸ ಇದೆ ಯಾರಿಗಿಲ್ಲ ಎಂದು ಬರೆದುಕೊಳ್ಳಲು ಬಂದಿದ್ದೇನೆ” ಎಂದು ಸಾರಿದೆ.

ಸರ್ಕಾರ ಎಂದದ್ದೇ ತಡ, ಮೂರು ತಿಂಗಳ ಹಿಂದೆ ಕೆಲಸದಲ್ಲಿ ಮುಳುಗಿದ್ದ ಊರುಗಳು ಒಮ್ಮೆಗೇ ನಿರುದ್ಯೋಗಕ್ಕೆ ಬಿದ್ದವು. ಲಕ್ಕೂರಿನಲ್ಲಿ ಗುರುತಿನ ಚೀಟಿಯ ಸುಳಿವೇ ಇಲ್ಲ. “ಕಂಪ್ನಿ ಗೇಟು ಯಾವ್ ಕಡೆಗೈತೆ ಅಂತ್ಲೂ ಗೊತ್ತಿಲ್ಲ ಸಾರ್” ಎಂದ ಒಬ್ಬ, ಅದೇ ಕಂಪನಿಯ ಹೆಸರಿದ್ದ ಟೋಪಿ ಹಾಕಿಕೊಂಡು. ದೇವರಾಯಸಮುದ್ರದವನ ಎಲ್ಲಾ ತರದ ಬಿಸಿನೆಸ್ಸೂ ಒಟ್ಟಿಗೇ ಮುಳುಗಿಹೋಗಿತ್ತು. ಸುಗಟೂರಿನಲ್ಲಿ ಲಕ್ಷ್ಮಮ್ಮ ಕಣ್ಣೊರೆಸಿಕೊಂಡರು.

“ಏನೂ ಕೆಲ್ಸ ಇಲ್ಲ ಸಾರ್ ನಮ್ ಹುಡುಗನಿಗೆ. ಪಾಪ. ಹಂಗೇ ಬರ್ಕೊಳ್ಳಿ.”

“ಹೋದ ಸಲ ಸೂಪರ್‌ವೈಸರ್ ಅಂದ್ರಲ್ಲಮ್ಮ?”

“ಅದು ಹೋದ್ ಸಲ” ಎಂದರು.

ಮೇಲ್ವಿಚಾರಕಿ ಈ ಸಲ ಗದರಿಯೇಬಿಟ್ಟರು. “ಮೂರೇ ತಿಂಗಳಲ್ಲಿ ನಾಲ್ಕು ತಾಲ್ಲೂಕಿನ ಗಂಡಸರು ಕೆಲಸ ಕಳ್ಕೊಂಡಿದ್ದಾರೆ ಅಂದ್ರೆ ಏನ್ ಸಾರ್ ಅರ್ಥ? ಭೂಕಂಪ ಆಯ್ತಾ? ಬಾಯಲ್ಲಿ ಹೇಳಿದ್ದನ್ನ ಹಾಗೇ ತುಂಬಬೇಡಿ. ಬಿಡಿಸಿ ಬಿಡಿಸಿ ಕೇಳಿ” ಎಂದು ಫೋನ್ ಇಟ್ಟರು.

ಹಾಗಾಗಿ ಮತ್ತೆ ಸುಗಟೂರಿಗೆ ಹೋದೆ. ಲಕ್ಷ್ಮಮ್ಮ ಡೈರಿಗೆ ಹಾಲು ಹಾಕಲು ಹೋಗಿದ್ದ ಸಮಯ ನೋಡಿಕೊಂಡು ನೇರ ಹಿತ್ತಲಿನ ಹುಳು ಮನೆಗೆ ನಡೆದೆ. ನಾರಾಯಣಸ್ವಾಮಿ ಬನಿಯನ್ನಿನಲ್ಲಿದ್ದ. ಹುಳುಗಳು ನಾಲ್ಕನೆಯ ಜ್ವರ ಕಳೆದು ಎದ್ದಿದ್ದವು. ಹುಳು ಪೊರೆ ಬಿಡಲು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಎದ್ದ ಮೇಲೆ ಅವು ಸೊಪ್ಪು ತಿನ್ನುವ ರಭಸ ನೋಡಬೇಕು. ಅವನು ಒಂದು ತಟ್ಟೆಗೆ ಸೊಪ್ಪು ಹಾಕಿ ಮುಗಿಸುವಷ್ಟರಲ್ಲಿ ಮೊದಲಿನದು ಖಾಲಿಯಾಗುತ್ತಿತ್ತು. ನನ್ನ ಜೊತೆ ಮಾತಾಡುತ್ತಲೇ ಅವನ ಕೈ ಓಡುತ್ತಿತ್ತು.

“ಬೆಳಗ್ಗೆಯಿಂದ ಏನೇನು ಮಾಡಿದೆಯಪ್ಪ?”

“ಏನಿಲ್ಲ ಸಾರ್. ಐದ್ಗಂಟೆಗೆದ್ದು ಸೊಪ್ಪು ಕೊಯ್ದೆ, ಹಾಲು ಕರ್ದೆ, ಹುಳಕ್ ಹಾಕ್ದೆ, ಬೀನ್ಸಿಗ್ ನೀರ್ ಕಟ್ಟಿ ಬಂದೆ, ಈಗ ಮತ್ತೆ ಹುಳಕ್ ಹಾಕ್ತಿದೀನಿ. ಸುಮ್ನೆ ಮನೇಲೇ ಇದೀನಿ.”

“ಇದೆಲ್ಲ ಕೆಲಸ ಅಲ್ವೇನಯ್ಯ?”

“ಕೆಲ್ಸ ಅಂದ್ರೆ ಸಂಬಳದ್ದಲ್ವಾ ಸಾರ್? ಇದು ಮನೇದು.” ಅವನು ಸೊಪ್ಪಿನ ಕಟ್ಟು ಬಿಚ್ಚುತ್ತಾ ಹೇಳಿದ, “ಹೆಣ್ಣಿನ್ ಕಡೆಯವ್ರೂ ನಿಮ್ ತರಾನೇ ಕೇಳ್ತಾರೆ. ಹುಡುಗ ಏನ್ ಕೆಲ್ಸ ಮಾಡ್ತಾನೆ ಅಂತ. ನಾನು ರೇಷ್ಮೆ ಅಂತೀನಿ. ಅವ್ರು ಕಾಫಿ ಲೋಟ ಕೆಳಗಿಡ್ತಾರೆ. ಎಲ್ಲಾ ಮನೇಲೂ ಅಷ್ಟೇ. ಅದಕ್ಕೇ ಅಮ್ಮ ಸೂಪರ್‌ವೈಸರ್ ಅಂತ ಹೇಳೋಕ್ ಶುರು ಮಾಡಿದ್ದು.”

ಈಗ ಶ್ರೀನಿವಾಸಪುರದ ಕಡೆ ಒಂದು ಸಂಬಂಧ ಕೂಡಿ ಬರುವ ಹಾಗಿತ್ತು. ಮಾವಿನ ತೋಟದವರ ಮಗಳು, ಹೆಸರು ಪದ್ಮ. ಸಸಿ ನರ್ಸರಿಯಲ್ಲಿ ಕೆಲಸಕ್ಕಿದ್ದಾಳೆ. ಟೊಮ್ಯಾಟೊ ಸಸಿ ತರಲು ಹೋದಾಗ ಇವನೇ ನೋಡಿ ಬಂದಿದ್ದ. ಅವಳಪ್ಪನಿಗೆ ಲಕ್ಷ್ಮಮ್ಮ ಸೂಪರ್‌ವೈಸರ್ ಎಂದೇ ಹೇಳಿದ್ದರು.

“ಗೊತ್ತಾದ್ರೆ ಇದೂ ಹೋಯ್ತು ಸಾರ್” ಎಂದ. “ನಂಗೆ ಮೂವತ್ತೈದು. ಇದು ಹೋದ್ರೆ ಇನ್ನು ಹೆಣ್ ನೋಡೋಕೆ ಹೋಗಲ್ಲ ಅಂತ ಅಮ್ಮಂಗೆ ಹೇಳ್ಬಿಟ್ಟಿದೀನಿ. ಎಷ್ಟ್ ಮನೆ ಕಾಫಿ ಕುಡಿಯೋದು?”

ನನಗೆ ಅವನ ಮೇಲೆ ತುಂಬಾ ಪ್ರೀತಿ ಬಂತು. ಕಲಿಯುವವರಿಲ್ಲದ ಇನ್‌ಸ್ಟಿಟ್ಯೂಟಿನಲ್ಲಿ ಬೆಳಗಿಂದ ಸಂಜೆವರೆಗೆ ಯಂತ್ರಗಳ ಧೂಳು ಒರೆಸುತ್ತಾ ಕೂತಿದ್ದ ನನ್ನನ್ನು ಎಲ್ಲರೂ ಕೆಲಸದಲ್ಲಿರುವವನು ಎನ್ನುತ್ತಿದ್ದರು. ಉಸಿರಾಡಲು ಬಿಡುವಿಲ್ಲದ ಈ ಹುಡುಗ ತನ್ನನ್ನು ತಾನೇ ನಿರುದ್ಯೋಗಿ ಎಂದುಕೊಂಡಿದ್ದ. ಟ್ಯಾಬ್ ತೆಗೆದು ಅವನ ಎದುರಿಗೇ ಉದ್ಯೋಗಿ ಎಂದು ತುಂಬಿದೆ. ಅವನು ಇಣುಕಿ ನೋಡಿ, “ಸೂಪರ್‌ವೈಸರ್ ಅಂತಾನಾ?” ಎಂದು ಹೆದರಿ ಕೇಳಿದ. “ಅಲ್ಲ ಕಣೋ, ರೇಷ್ಮೆ ಅಂತ” ಎಂದೆ.

ಮೂರನೆಯ ಸುತ್ತಿನ ಹೊತ್ತಿಗೆ ಮಾವು ಮುಗಿಯುತ್ತಾ ಬಂದಿತ್ತು. ಮೋಡ ಕವಿಯುವುದು, ನಾಲ್ಕು ಹನಿ ಉದುರಿಸಿ ಆಂಧ್ರದ ಕಡೆ ಹೋಗುವುದು, ಇದೇ ಆಟ. ಶ್ರೀನಿವಾಸಪುರದ ಕಡೆಯ ಊರಿನಲ್ಲಿ ನನ್ನ ಪಟ್ಟಿಯ ಕೊನೆಯ ಮನೆ ಕೃಷ್ಣಪ್ಪನವರದು. ಹಿಂದಿನ ಎರಡು ಸಲವೂ ಅವರು ಮನೆಯಲ್ಲಿರಲಿಲ್ಲ, ಅಂಗಳದಲ್ಲಿದ್ದ ಹೆಂಡತಿಯೇ ಅವಸರದಲ್ಲಿ, “ಎಲ್ಲಾ ತೋಟದ ಕೆಲಸ” ಎಂದು ಕಳಿಸಿದ್ದರು. ಈ ಸಲ ಸ್ವತಃ ಕೃಷ್ಣಪ್ಪನವರೇ ಜಗಲಿಯ ಮೇಲಿದ್ದರು. ದೊಡ್ಡ ಮೀಸೆ, ದೊಡ್ಡ ದನಿ, ಮಾತಿನ ನಡುನಡುವೆ ತೆಲುಗು.

“ಕೂಚೋ ಸಾರ್, ಕೂಚೋ. ನೀವ್ ಸುಗಟೂರಿಗೂ ಹೋಗ್ತೀರಂತೆ?”

“ಹೋಗ್ತೀನಿ.”

“ಲಕ್ಷ್ಮಮ್ಮನ ಮನೆಗೆ?”

ಆಗ ನನಗೆ ಹೊಳೆಯಿತು. ಪದ್ಮಳ ಅಪ್ಪ ಇವರೇ. ನಾನು ಟ್ಯಾಬ್ ನೋಡುವವನಂತೆ ತಲೆ ತಗ್ಗಿಸಿದೆ. ಅವರು ಒಂದು ಬುಟ್ಟಿ ನೀಲಂ ಹಣ್ಣನ್ನು ನನ್ನ ಮುಂದಿಟ್ಟು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುರ್ಚಿ ಎಳೆದುಕೊಂಡರು.

“ಆ ಹುಡುಗನಿಗೆ ಪನಿ ಉಂದಾ, ಲೇದಾ? ಕೆಲ್ಸ ಇದ್ಯಾ, ಇಲ್ವಾ, ಅದೊಂದ್ ಹೇಳ್ಬಿಡಿ ಸಾಕು.”

“ಅದನ್ನ ಹೇಳೋ ಹಾಗಿಲ್ಲ ಯಜಮಾನ್ರೇ. ನಿಯಮ.”

“ನನ್ ಮಗಳ ಬಾಳು ಸಾರ್ ಇದು!”

“ಆದ್ರೂ ಹೇಳೋ ಹಾಗಿಲ್ಲ.”

ಕೃಷ್ಣಪ್ಪ ಹಣ್ಣಿನ ಬುಟ್ಟಿಯನ್ನು ನಿಧಾನವಾಗಿ ತಮ್ಮ ಕಡೆಗೆ ಎಳೆದುಕೊಂಡರು. “ಗೊತ್ತಾಯ್ತು ಬಿಡಿ. ಇದ್ದಿದ್ರೆ ಇದೆ ಅಂತಿದ್ರಿ. ಹೇಳಲ್ಲ ಅಂದ್ರೆ ಏನೋ ಕಳ್ಳಾಟ ಐತೆ. ನಾಳೆಯೇ ಬೇಡ ಅಂತ ಹೇಳಿ ಕಳಿಸ್ತೀನಿ.”

ಬಾಯಿ ಬಿಟ್ಟರೆ ನಿಯಮ ಮುರಿಯುತ್ತದೆ, ಮುಚ್ಚಿಕೊಂಡಿದ್ದರೆ ಮದುವೆ ಮುರಿಯುತ್ತದೆ. ಟ್ಯಾಬ್‌ನ ಗಾಜನ್ನು ಅಂಗಿಯ ತುದಿಯಿಂದ ಒರೆಸಿದೆ. ಆಗ ಬಾಗಿಲ ಮರೆಯಿಂದ ಪದ್ಮ ಹೊರಗೆ ಬಂದಳು. ಕೈಯೆಲ್ಲ ಸಸಿಯ ಮಣ್ಣು. ನರ್ಸರಿಯಿಂದ ಆಗಷ್ಟೇ ಬಂದಿದ್ದಳೆಂದು ಕಾಣುತ್ತದೆ.

“ಸಾರ್, ಯಾರ್ ವಿಷಯಾನೂ ಹೇಳ್ಬೇಡಿ” ಎಂದಳು. “ಕೆಲಸ ಅಂದ್ರೆ ಏನು ಅಂತ ನಿಮ್ ನಿಯಮದಲ್ಲಿ ಇರುತ್ತಲ್ವಾ, ಅದನ್ನ ಹೇಳ್ಬೋದಾ?”

“ಅದನ್ನ ಧಾರಾಳವಾಗಿ ಹೇಳ್ಬೋದಮ್ಮ” ಎಂದು, ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಬಂದವನ ಹಾಗೆ ಒಂದೇ ಉಸಿರಿಗೆ ಒಪ್ಪಿಸಿದೆ. ಹಿಂದಿನ ಏಳು ದಿನ, ಒಂದು ಗಂಟೆ, ಸ್ವಂತ ಹೊಲ, ಸ್ವಂತ ಕಸುಬು.

“ಹಂಗಾದ್ರೆ ಸ್ವಂತ ಮನೇಲಿ ರೇಷ್ಮೆ ಹುಳ ಸಾಕೋರು?”

“ಉದ್ಯೋಗಿ.”

“ಸರ್ಕಾರದ ಲೆಕ್ಕದಲ್ಲೂ?”

“ಸರ್ಕಾರದ ಲೆಕ್ಕದಲ್ಲೇ.”

“ನಿಜಮಾ?” ಎಂದರು ಕೃಷ್ಣಪ್ಪ. ಮಗಳತ್ತ ತಿರುಗಿ, “ರೇಷ್ಮೆ ಎಲ್ಲಿಂದ ಬಂತೇ ಈಗ?” ಎಂದರು.

“ಅವ್ರು ಸೂಪರ್‌ವೈಸರ್ ಅಲ್ಲ ನಾಯ್ನ. ಅವ್ರೇ ಫೋನ್ ಮಾಡಿ ನಂಗೆ ಹೇಳಿದ್ರು. ಅಮ್ಮ ಸುಳ್ ಹೇಳವ್ರೆ, ನಂದು ರೇಷ್ಮೆ, ಬೇಡ ಅನ್ನೋದಾದ್ರೆ ಈಗ್ಲೇ ಹೇಳ್ಬಿಡಿ ಅಂದ್ರು. ನಾನು ಬೇಡ ಅನ್ಲಿಲ್ಲ.”

ಕೃಷ್ಣಪ್ಪನವರ ಮೀಸೆ ಎರಡು ಸಲ ಅಲುಗಿತು. ನಾನು ಮಾತು ಬೇರೆ ಕಡೆ ಹೊರಳಲಿ ಎಂದು, “ಯಜಮಾನ್ರೇ, ನಿಮ್ಮದೊಂದು ಬರ್ಕೊಂಡು ಹೊರಟುಬಿಡ್ತೀನಿ. ಹಿಂದಿನ ಏಳು ದಿನದಲ್ಲಿ ಒಂದು ಗಂಟೆಯಾದರೂ ಏನಾದ್ರೂ ಕೆಲಸ ಮಾಡಿದ್ರಾ?” ಎಂದು ಕೇಳಿದೆ. ದೇವರಾಣೆಗೂ ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

“ಏನ್ ಸಾರ್ ಹಿಂಗ್ ಕೇಳ್ತೀರ, ನಾನು ತೋಟದ ಯಜಮಾನ!”

“ತೋಟದಲ್ಲಿ ಏನ್ ಮಾಡಿದ್ರಿ?”

“ತೋಟ ಗುತ್ತಿಗೆಗೆ ಕೊಟ್ಟಿದೀವಿ. ಎಲ್ಲಾ ಅವ್ರೇ ನೋಡ್ಕೊಳ್ತಾರೆ.”

“ಮತ್ತೆ ಹಸು?”

“ಅದು ನಮ್ಮೋಳು.”

“ಬೇರೆ ಏನಾದ್ರೂ?”

ಅವರು ಬಹಳ ಹೊತ್ತು ಯೋಚಿಸಿದರು. “ಮೊನ್ನೆ ಕಾಯಿ ತುಂಬೋಕೆ ಲಾರಿ ಬಂದಿತ್ತು. ನಿಂತ್ಕೊಂಡು ನೋಡ್ದೆ.”

“ನೋಡಿದ್ದು ಬರಲ್ಲ ಯಜಮಾನ್ರೇ.”

ಒಳಗಿನಿಂದ ಯಾರೋ ನಗು ತಡೆದುಕೊಂಡು ಕೆಮ್ಮಿದರು. ಕೃಷ್ಣಪ್ಪನವರ ಹೆಂಡತಿಯೇ ಇರಬೇಕು, ಯಾಕೆಂದರೆ ಆ ಕೆಮ್ಮಿನಲ್ಲಿ ಬಹಳ ವರ್ಷಗಳ ತೃಪ್ತಿ ಇತ್ತು. ದಿನವೂ ಅರಳಿಕಟ್ಟೆಯ ಇಸ್ಪೀಟಿಗೆ ಅವರು ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದೂ ಒಳಗಿನಿಂದಲೇ ತಿಳಿದುಬಂತು. ನಾನು ವಿಧಿಯಿಲ್ಲದೆ ತುಂಬಬೇಕಾದ್ದನ್ನು ತುಂಬಿದೆ. ಅಳಿಯನಿಗೆ ಕೆಲಸವಿದೆಯೇ ಎಂದು ಜಗ್ಗಾಡುತ್ತಿದ್ದ ಮನುಷ್ಯನೇ ಆ ಊರಿನ ನನ್ನ ಪಟ್ಟಿಯಲ್ಲಿ ಕೆಲಸವಿಲ್ಲದ ಒಬ್ಬನೇ ಗಂಡಸಾಗಿ ಕೂತುಬಿಟ್ಟ.

ಕೃಷ್ಣಪ್ಪ ಮುಂದಕ್ಕೆ ಬಾಗಿದರು. ದೊಡ್ಡ ದನಿ ಪಿಸುಮಾತಾಗಿತ್ತು. “ಸಾರ್, ಇದು… ಊರಲ್ಲಿ ಗೊತ್ತಾಗುತ್ತಾ?”

“ನಾನು ಯಾರಿಗೂ ಹೇಳಲ್ಲ.”

“ಯಾರ್ ಕೇಳಿದ್ರೂ?”

“ಯಾರ್ ಕೇಳಿದ್ರೂ. ಹುಡುಗನ ಕಡೆಯವರು ಬಂದು ಕೇಳಿದ್ರೂ ಹೇಳಲ್ಲ. ನಿಯಮ.”

ಅವರು ಹಣ್ಣಿನ ಬುಟ್ಟಿಯನ್ನು ಮತ್ತೆ ನನ್ನ ಕಡೆ ತಳ್ಳಿದರು. “ಒಳ್ಳೇ ನಿಯಮ ಸಾರ್ ಅದು. ಬಹಳ ಒಳ್ಳೇ ನಿಯಮ” ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಮನೆಯೊಳಕ್ಕೆ ಕೇಳುವ ಹಾಗೆ, “ಸರ್ಕಾರವೇ ಉದ್ಯೋಗ ಅಂತ ಒಪ್ಕೊಂಡ ಮೇಲೆ ನಮ್ದೇನೈತೆ? ಸೋಮವಾರ ಹೋಗಿ ಆ ಹುಳು ಮನೆ ನೋಡ್ಕೊಂಡ್ ಬರೋಣ” ಎಂದರು.

ಹೋದರು. ಹೋದ ದಿನ ಹುಳುಗಳು ಹಸಿದಿದ್ದವಂತೆ, ನಾರಾಯಣಸ್ವಾಮಿ ಮಾತಾಡಲು ಪುರುಸೊತ್ತಿಲ್ಲದೆ ಭಾವಿ ಮಾವನ ಕೈಗೇ ಸೊಪ್ಪಿನ ಕಟ್ಟು ಕೊಟ್ಟುಬಿಟ್ಟನಂತೆ. ನೋಡಲು ಬಂದವರು ಸಂಜೆಯವರೆಗೆ ಸೊಪ್ಪು ಹಾಕಿ ಹೋದರು ಎಂದು ಲಕ್ಷ್ಮಮ್ಮ ಆಮೇಲೆ ನನಗೆ ಹೇಳಿದರು. ಸೂಪರ್‌ವೈಸರ್ ವಿಷಯವನ್ನು ಎರಡೂ ಕಡೆಯವರು ಎತ್ತಲೇ ಇಲ್ಲ. ಕಾರ್ತಿಕದಲ್ಲಿ ಮದುವೆಯಾಯಿತು. ನಾನೂ ಸುಜಾತಳೂ ಹೋಗಿದ್ದೆವು. ಎಲೆಅಡಿಕೆಯ ಜೊತೆ ಪಂಚೆ ಶಲ್ಯ ಇಟ್ಟು, ಮದುವೆ ಬ್ರೋಕರಿಗೆ ಮಾಡುವ ಮರ್ಯಾದೆಯನ್ನೆಲ್ಲ ಲಕ್ಷ್ಮಮ್ಮ ನನಗೆ ಮಾಡಿದರು.

“ನಾನು ಬ್ರೋಕರ್ ಅಲ್ಲಮ್ಮ. ಎಷ್ಟು ಸಲ ಹೇಳ್ಬೇಕು?”

“ಆಯ್ತು ಸಾರ್, ಅಲ್ಲ. ಇಟ್ಕೊಳ್ಳಿ.”

ಸುಜಾತ ಪಕ್ಕದಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಆ ಪಂಚೆ ಈಗಲೂ ನನ್ನ ಹತ್ತಿರವಿದೆ, ಹಬ್ಬಕ್ಕೆ ಉಡುತ್ತೇನೆ.

ಕೊನೆಯ ಸುತ್ತು ರಾಗಿ ಕೊಯ್ಲಿನ ಕಾಲ. ರಸ್ತೆಯುದ್ದಕ್ಕೂ ತೆನೆ ಹರಡಿದ್ದರು, ಬಸ್ಸು ಲಾರಿಗಳು ಅದರ ಮೇಲೆ ಓಡಿ ಕಾಳು ಬಿಡಿಸುತ್ತಿದ್ದವು. ಸುಗಟೂರಿನಲ್ಲಿ ನಾನು ಪ್ರಶ್ನೆ ಕೇಳುವ ಮೊದಲೇ ನಾರಾಯಣಸ್ವಾಮಿ, ತಾಯಿ ಬಾಯಿ ತೆರೆಯುವುದಕ್ಕೂ ಮುಂಚೆ, ನನ್ನ ಮುಖ ನೋಡಿಕೊಂಡು, “ರೇಷ್ಮೆ ಸಾರ್. ಸ್ವಂತದ್ದು” ಎಂದ. ಲಕ್ಷ್ಮಮ್ಮ, “ಸೊಸೆ ಮನೇಲೇ ಇರ್ತಾಳೆ” ಎಂದು ಶುರುಮಾಡಿದರು. “ಬೆಳಗ್ಗೆ ಸೊಪ್ಪು ಕೊಯ್ದಿದ್ದು ಯಾರಂತೆ ಅತ್ತೆ?” ಎಂದು ಹುಳು ಮನೆಯೊಳಗಿಂದ ಉತ್ತರ ಬಂತು. ಇಬ್ಬರನ್ನೂ ಉದ್ಯೋಗಿ ಎಂದು ತುಂಬಿದೆ. ಲಕ್ಷ್ಮಮ್ಮ ಟ್ಯಾಬ್ ಇಣುಕಿ ನೋಡಿ, “ಹಂಗಾದ್ರೆ ನಾನೂ ಹಾಲು ಹಾಕ್ತೀನಲ್ಲ” ಎಂದರು. ಅವರನ್ನೂ ತುಂಬಿದೆ.

ಮಾರನೆಯ ದಿನ ಕೃಷ್ಣಪ್ಪನವರ ಊರು. ನಾನು ಬರುವ ಸುದ್ದಿ ಮಗಳಿಂದ ಮೊದಲೇ ಮುಟ್ಟಿತ್ತು. ಅವರು ಹಿತ್ತಲಿನಲ್ಲಿ ಪಂಚೆ ಎತ್ತಿ ಕಟ್ಟಿ, ಗುದ್ದಲಿ ಹಿಡಿದು ಮಾವಿನ ಮರದ ಪಾತಿ ಮಾಡುತ್ತಿದ್ದರು. ಬೆವರು ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ಅವರ ಹೆಂಡತಿ ಗಡಿಯಾರ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು.

“ಇನ್ ಸ್ವಲ್ಪ ಹೊತ್ತು ಸಾರ್, ಗಂಟೆ ತುಂಬ್ಲಿ” ಎಂದರು ಆಕೆ.

ನನಗೆ ಹೇಳಲು ಮನಸ್ಸಾಗಲಿಲ್ಲ. ಆದರೂ ಹೇಳಬೇಕಿತ್ತು. “ಯಜಮಾನ್ರೇ, ಇವತ್ತಿನದು ಲೆಕ್ಕಕ್ಕೆ ಬರಲ್ಲ. ಹಿಂದಿನ ಏಳು ದಿನದ್ದು ಮಾತ್ರ.”

ಅವರು ಗುದ್ದಲಿ ಕೆಳಗಿಟ್ಟು ನನ್ನನ್ನು ನೋಡಿದ ನೋಟ ನಾನು ಯಾವತ್ತೂ ಮರೆಯಲಾರೆ. ಮೀಸೆಯ ಬೆವರು ಒರೆಸಿಕೊಂಡು, “ಅಲ್ಲ, ಸುಗಟೂರಲ್ಲಿ ಒಂದಿನ ಇಡೀ ಸೊಪ್ಪು ಹಾಕಿದ್ನಲ್ಲ, ಅದು?” ಎಂದರು.

“ಅದು ಹಳೇದಾಯ್ತು.”

“ಹಂಗಾದ್ರೆ ಇವತ್ತಿಂದು ನಾಳೆಗೆ ಹಿಂದಿನ ದಿನ ಆಗುತ್ತಲ್ವಾ?”

ಆಗುತ್ತದೆ. ಅದನ್ನು ಅಲ್ಲಗಳೆಯಲು ನನ್ನಿಂದಾಗಲಿಲ್ಲ. “ನಾಳೆ ಬರ್ತೀನಿ” ಎಂದೆ. ಬಂದೆ ಕೂಡ, ಎರಡು ಬಸ್ಸು ಬದಲಾಯಿಸಿ, ಅದೊಂದು ಮನೆಗೋಸ್ಕರ. ಮೇಲ್ವಿಚಾರಕಿ ಫೋನ್ ಮಾಡಿ, “ಸಾರ್, ಈ ಸಲ ನಿಮ್ಮ ಲೆಕ್ಕ ನಂಬೋ ಹಾಗಿದೆ. ಆದ್ರೆ ಶ್ರೀನಿವಾಸಪುರದಲ್ಲಿ ಒಬ್ರು ಹೆಚ್ಚಾಗಿದ್ದಾರಲ್ಲ, ಅದು ಸರೀನಾ?” ಎಂದು ಕೇಳಿದರು. “ಸರಿ ಮೇಡಂ, ಕಣ್ಣಾರೆ ನೋಡಿದ್ದೇನೆ” ಎಂದೆ.

ಆ ತಿಂಗಳಿಗೆ ನನ್ನ ಗುತ್ತಿಗೆ ಮುಗಿಯಿತು. ಟ್ಯಾಬ್ ವಾಪಸು ಕೊಟ್ಟೆ. ಯಾರಾದರೂ ಈಗೇನು ಮಾಡುತ್ತಿದ್ದೀರಿ ಎಂದು ಕೇಳಿದರೆ ಕಷ್ಟವಾಗುತ್ತದೆ. ಬೀದಿಯಲ್ಲಿ ಪರಿಚಿತರು ಎದುರಾದರೆ ಕೆಲವೊಮ್ಮೆ ಪಕ್ಕದ ಗಲ್ಲಿಗೆ ತಿರುಗಿಬಿಡುತ್ತೇನೆ. ಸುಳ್ಳೇಕೆ, ನಾಚಿಕೆಯಾಗುತ್ತದೆ.

ಮೊನ್ನೆಯ ಆ ಬಸ್ಸು ಕೋಲಾರದ ಹತ್ತಿರ ಬಂದಾಗ ಜನ ಇಳಿದು ಸ್ವಲ್ಪ ಜಾಗವಾಯಿತು. ಮೂಟೆಯ ಯಜಮಾನ ಕಂಡಕ್ಟರನ್ನು ಗೆದ್ದು, ಮೀಸೆ ಒರೆಸಿಕೊಳ್ಳುತ್ತಾ ನನ್ನ ಕಡೆಗೇ ಬಂದ. ಕೃಷ್ಣಪ್ಪ! ಬಣ್ಣ ಇನ್ನಷ್ಟು ಕಪ್ಪಾಗಿತ್ತು, ಹೊಟ್ಟೆ ಕರಗಿತ್ತು.

“ಅರೆರೆ, ಸಾರ್! ಅಳಿಯನ ಗೂಡು ಮಾರ್ಕೆಟ್ಟಿಗೆ ಹಾಕೋಕ್ ಹೊರಟಿದೀನಿ. ಮಗಳಿಗೆ ಈಗ ಏಳು ತಿಂಗಳು, ಓಡಾಟ ಎಲ್ಲಾ ನಂದೇ. ಇಸ್ಪೀಟ್ ಮರೆತೇ ಹೋಯ್ತು ನೋಡಿ.” ಮೂಟೆಯನ್ನು ನನ್ನ ಕಾಲ ಮೇಲಿಂದ ಸರಿಸಿ ಅದರ ಪಕ್ಕದಲ್ಲೇ ಕೂತರು. “ನೀವೇನ್ ಮಾಡ್ತಿದೀರ ಈಗ?”

“ಏನಿಲ್ಲ. ಸುಮ್ಮನೆ ಮನೆಯಲ್ಲೇ ಇದೀನಿ” ಎಂದೆ, ಕಿಟಕಿಯ ಆಚೆ ನೋಡುತ್ತಾ.

“ಚೀಲದಲ್ಲೇನು?”

“ಹೆಂಡತಿ ಹೊಲಿದ ರವಿಕೆ. ಗಿರಾಕಿಗಳಿಗೆ ತಲುಪಿಸಿ ಬರ್ತಿದೀನಿ.”

“ನಿನ್ನೆ?”

“ನಿನ್ನೆ ಹುಕ್ ಹೊಲಿದೆ. ಅವಳಿಗೆ ಕಣ್ಣು ನೋವು, ಹುಕ್ಕು ಕಾಜು ಎಲ್ಲಾ ಈಗ ನಾನೇ.”

ಕೃಷ್ಣಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಗಂಟಲು ಸರಿಪಡಿಸಿಕೊಂಡರು. ನನ್ನದೇ ಗತ್ತಿನಲ್ಲಿ, ಇಲ್ಲದ ಟ್ಯಾಬನ್ನು ಅಂಗೈಯಲ್ಲಿ ಹಿಡಿದು, ಇಡೀ ಬಸ್ಸಿಗೆ ಕೇಳುವಷ್ಟು ದೊಡ್ಡದಾಗಿ ಕೇಳಿದರು.

“ಹಿಂದಿನ ಏಳು ದಿನದಲ್ಲಿ ಒಂದು ಗಂಟೆಯಾದ್ರೂ?”

ನನಗೆ ನಗು ಬಂತು. ಅದರ ಹಿಂದೆಯೇ ಕಣ್ಣು ತುಂಬಿ ಬಂತು. “ದಿನಾ” ಎಂದೆ. “ದಿನಾ ಮೂರು ನಾಲ್ಕು ಗಂಟೆ.”

ಅವರು ಅಂಗೈಯ ಮೇಲೆ ಬೆರಳಿನಿಂದ ಒಮ್ಮೆ ಒತ್ತಿದರು.

“ಬರ್ಕೊಂಡೆ ಸಾರ್” ಎಂದರು. “ಯಾರಿಗೂ ಹೇಳಲ್ಲ.”